ನೆಲದಡಿಯ ನೀರಿನ ಲೆಕ್ಕ: ಒಬ್ಬರಿಂದ ಆಗುವ ಕೆಲಸವಲ್ಲ

ಮಳೆಗಾಲದಲ್ಲಿ ದಡ ಮೀರಿ ಹರಿದ ಹಳ್ಳ ಬೇಸಿಗೆಗೆ ಮೊದಲೇ ಬತ್ತಿದರೆ ಕಾರಣವೇನು? ನೆರಳಿನ ಮರಗಳು ನೀರನ್ನು ಹೀರಿದವೇ? ಮೇಲಿನ ಗುಡ್ಡ ಬೋಳಾದುದರಿಂದಲೇ? ಅಥವಾ ಸುತ್ತಲಿನ ಕೊಳವೆಬಾವಿಗಳಿಂದಲೇ? ಬೆಳೆಗಾರರು ಸೇರಿದಲ್ಲೆಲ್ಲ ಈ ಚರ್ಚೆ ಇದ್ದೇ ಇರುತ್ತದೆ. ಮರದ ವಿಷಯವನ್ನು ಅರಣ್ಯ ತಜ್ಞರು ಬಲ್ಲರು, ಬಂಡೆಯ ವಿಷಯವನ್ನು ಭೂವಿಜ್ಞಾನಿಗಳು, ಹರಿವಿನ ವಿಷಯವನ್ನು ಎಂಜಿನಿಯರರು ಬಲ್ಲರು. ಒಬ್ಬೊಬ್ಬರೇ ಹೇಳಿದ ಉತ್ತರ ಅರ್ಧ ಉತ್ತರವೇ ಆಗುತ್ತದೆ. ಆದುದರಿಂದ ಇವರೆಲ್ಲರನ್ನೂ ಒಂದೇ ಜಾಗದಲ್ಲಿ, ಒಂದೇ ಪ್ರಶ್ನೆಗೆ ದುಡಿಸುವ ಸಂಶೋಧನೆ ಅಗತ್ಯ. ಅಂಥ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ.

ಮೂಲೆಹೊಳೆಯ ಅಧ್ಯಯನ

ಬಂಡೀಪುರದ ಕಾಡಿನೊಳಗೆ ಮೂಲೆಹೊಳೆ ಎಂಬಲ್ಲಿ 4.1 ಚದರ ಕಿಲೋಮೀಟರ್, ಅಂದರೆ ಸುಮಾರು ಸಾವಿರ ಎಕರೆ ವಿಸ್ತಾರದ ಒಂದು ಪುಟ್ಟ ಜಲಾನಯನ ಪ್ರದೇಶವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ಸಂಶೋಧಕರೂ ಕೂಡಿ ಇದನ್ನು ಆರಿಸಿಕೊಂಡರು. ಇಲ್ಲಿ ಬೇಸಾಯವಿಲ್ಲ, ಪಂಪು ಇಲ್ಲ. ಬಿದ್ದ ಮಳೆ ಕಾಡಿನಲ್ಲಿ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಅನುಕೂಲವಾದ ಜಾಗ ದೊರೆಯುವುದು ಕಷ್ಟ.

ಇಂಗಿದ ನೀರನ್ನು ಕಣ್ಣಿನಿಂದ ನೋಡಲಾಗುವುದಿಲ್ಲ. ಆದುದರಿಂದ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಅದನ್ನು ಅಳೆದರು. ಒಂದು ದಾರಿ ಕ್ಲೋರೈಡ್, ಅಂದರೆ ಉಪ್ಪಿನಂಶದ್ದು. ಮಳೆನೀರಿನಲ್ಲಿ ಅತ್ಯಲ್ಪ ಉಪ್ಪು ಇರುತ್ತದೆ. ಬೇರುಗಳು ನೀರನ್ನು ಹೀರಿ ಉಪ್ಪನ್ನು ಬಹುಮಟ್ಟಿಗೆ ನೆಲದಲ್ಲೇ ಬಿಡುತ್ತವೆ. ಕುದಿದಷ್ಟೂ ಸಾರು ಉಪ್ಪಾಗುವಂತೆ, ಉಳಿದ ನೀರಿನ ಉಪ್ಪಿನಂಶ ಏರುತ್ತದೆ. ಅಂತರ್ಜಲದ ಉಪ್ಪಿನಂಶ ಮಳೆನೀರಿನ 20 ಪಟ್ಟು ಇದ್ದರೆ, ಸ್ಥೂಲವಾಗಿ ಮಳೆಯ 20ರಲ್ಲಿ 1 ಪಾಲು ಮಾತ್ರ ಕೆಳಗೆ ಇಳಿದಿದೆ ಎಂದರ್ಥ.

ಇನ್ನೊಂದು ದಾರಿ ಬಾವಿಯ ಮಟ್ಟದ್ದು. ನೀರು ತುಂಬುವ ಪೊಳ್ಳು ಶಿಲೆಯ 100 ಪಾಲಿನಲ್ಲಿ 1 ಪಾಲಿದ್ದರೆ, ಬಾವಿಯಲ್ಲಿ 1 ಮೀಟರ್ ಏರಿಕೆ ಎಂದರೆ 10 ಮಿಲಿಮೀಟರ್ ನೀರು ಇಂಗಿದಂತೆ. ಇವುಗಳ ಜೊತೆಗೆ ಭೂಭೌತ ತಜ್ಞರು ನೆಲದೊಳಗಿನ ಪದರಗಳನ್ನು ಪರೀಕ್ಷಿಸಿದರು; ಮಳೆಯನ್ನೂ ಹಳ್ಳದ ಹರಿವನ್ನೂ ಅಳೆಯಲಾಯಿತು.

ಲೆಕ್ಕ ಹೇಳಿದ್ದೇನು?

2003ರಿಂದ 2006ರವರೆಗಿನ ಅಳತೆಗಳಂತೆ, ಇಡೀ ಪ್ರದೇಶದಲ್ಲಿ ಮಳೆಯಿಂದ ನೇರವಾಗಿ ಇಂಗಿದ್ದು ವರ್ಷಕ್ಕೆ ಸುಮಾರು 45 ಮಿಲಿಮೀಟರ್, ಎರಡು ಇಂಚಿಗೂ ಕಡಿಮೆ. ಪ್ರವಾಹದ ವೇಳೆ ಹಳ್ಳದ ಪಾತ್ರದಿಂದ ಇಂಗಿದ್ದು ಇನ್ನು 30 ಮಿಲಿಮೀಟರ್. ಮಳೆಯ 80ರಿಂದ 90 ಪಾಲು, ಸರಾಸರಿ 1050 ಮಿಲಿಮೀಟರ್, ಮರಗಿಡ ಮತ್ತು ನೆಲದಿಂದ ಆವಿಯಾಗಿ ಹೋಗಿತ್ತು. ಎಲೆ ಉದುರಿಸುವ ಕಾಡಿನಿಂದ ಇಷ್ಟನ್ನು ಸಂಶೋಧಕರೇ ನಿರೀಕ್ಷಿಸಿರಲಿಲ್ಲ. ಅಂತರ್ಜಲ ಹಳ್ಳಕ್ಕಿಂತ ಕೆಳಗೆ ಉಳಿಯುವುದರಿಂದ ಹಳ್ಳ ಮಳೆಯ ಹಿಂದೆಯೇ ಬತ್ತುತ್ತದೆ.

45 ಮಿಲಿಮೀಟರ್ ಎಂದರೆ ಎಕರೆಗೆ ಸುಮಾರು 1 ಲಕ್ಷ 80 ಸಾವಿರ ಲೀಟರ್. ಎಕರೆಗೆ 550 ಅಡಿಕೆ ಮರ, ಮರಕ್ಕೆ ದಿನಕ್ಕೆ 16 ಲೀಟರಿನಂತೆ ಹನಿ ನೀರಾವರಿ ಕೊಟ್ಟರೆ ಅದು ಸುಮಾರು 20 ದಿನಕ್ಕೆ ಮುಗಿಯುತ್ತದೆ! ಅದಕ್ಕೂ ಹೆಚ್ಚು ಎತ್ತುವವನು ನೆರೆಯವನ ಪಾಲನ್ನೋ ಹಳೆಯ ಸಂಗ್ರಹವನ್ನೋ ಎತ್ತುತ್ತಿದ್ದಾನೆ.

ಆತುರದ ತೀರ್ಮಾನ ಬೇಡ

ಹಾಗಾದರೆ ಮರ ಕಡಿದರೆ ನೀರು ಹೆಚ್ಚೀತೇ? ಹಾಗೆಂದು ಭಾವಿಸಿದರೆ ಮೋಸಹೋದೇವು. ಬಂಡೀಪುರ ಮಳೆ ಕಡಿಮೆಯ ಸೀಮೆ. ಮಳೆ ಹೆಚ್ಚಿರುವ ಉತ್ತರ ಕನ್ನಡದಲ್ಲಿ ನಡೆದ ಅಧ್ಯಯನಗಳಲ್ಲಿ ಬೇರೆಯೇ ಚಿತ್ರ ಕಂಡಿತು: ಕಾಡು ಹಾಳಾದ ಗುಡ್ಡಗಳಲ್ಲಿ ನೆಲ ಗಟ್ಟಿಯಾಗಿ ನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ. ಮರ ಕುಡಿಯುವುದೂ ನಿಜ, ಇಂಗಿಸುವುದೂ ನಿಜ. ಯಾವುದು ಮೇಲುಗೈ ಎಂಬುದು ಆಯಾ ಜಾಗದ ಮಳೆ, ಮಣ್ಣು, ಶಿಲೆಗಳನ್ನು ಅವಲಂಬಿಸಿದೆ. ಸಾಗುವಳಿ ಸೇರಿದಾಗ ಲೆಕ್ಕ ಇನ್ನೂ ಕ್ಲಿಷ್ಟ. ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯ ಕೃಷಿಭೂಮಿಗೆ ಈ ಕೆಲಸ ವಿಸ್ತರಿಸಿದಾಗ, ರೈತ ಯಾವ ಬೆಳೆಯನ್ನು ಏಕೆ ಆರಿಸುತ್ತಾನೆ, ಕೊಳವೆಬಾವಿಯನ್ನು ಏಕೆ ಕೊರೆಯಿಸುತ್ತಾನೆ ಎಂಬುದನ್ನೂ ಅಧ್ಯಯನಕ್ಕೆ ಸೇರಿಸಬೇಕಾಯಿತು.

ನಾವು ಮಾಡಬಹುದಾದುದು

ನಮ್ಮ ಹಳ್ಳದ ಲೆಕ್ಕ ನಮ್ಮಲ್ಲೇ ಆಗಬೇಕು. ಇಂಥ ಯೋಜನೆಗೆ ಮೊದಲು ಬೇಕಾದುದು ಹಲವು ವರ್ಷಗಳ ದಾಖಲೆ. ಅನೇಕ ಕಾಫಿ ತೋಟಗಳಲ್ಲಿ ಇಂಚು, ಸೆಂಟುಗಳಲ್ಲಿ ಮಳೆ ಬರೆದಿಡುವ ಪದ್ಧತಿ ಮೊದಲಿನಿಂದಲೂ ಇದೆ. ಅದರೊಂದಿಗೆ ಇನ್ನೆರಡು ಸಾಲು ಸೇರಿಸಿರಿ: ತಿಂಗಳಿಗೊಮ್ಮೆ, ಪಂಪು ಹಾಕುವ ಮೊದಲು, ತೆರೆದ ಬಾವಿಯ ನೀರಿನ ಆಳ, ಪ್ರತಿ ವರ್ಷ ಹಳ್ಳ ಹರಿವು ನಿಲ್ಲಿಸಿದ ದಿನ. ಒಂದೇ ಹಳ್ಳದ ಹತ್ತು ಮಂದಿ ಬೆಳೆಗಾರರು ಕೂಡಿ ಹೀಗೆ ಬರೆದಿಟ್ಟರೆ, ನಾಳೆ ಬರುವ ಸಂಶೋಧಕರಿಗೆ ಅರ್ಧ ದಾರಿ ಸವೆದಂತೆ. ಇನ್ನೊಂದು ಬಾವಿಗೆ ಸಾಲ ಮಾಡುವ ಮೊದಲು ನಮಗೂ ಆ ಪುಸ್ತಕ ತೆರೆದು ನೋಡಲು ಸಾಧ್ಯವಾಗುತ್ತದೆ.