ಹಂಡೆ ಹೋಗಿ ಗೀಸರ್ ಬಂತು. ಮಸಿ, ಸುಣ್ಣ ಎರಡೂ ಉಳಿದವು

ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇ ಬಂತೆಂದರೆ ಸ್ನಾನಕ್ಕೆ ನೀರು ಕಾಯಿಸುವ ಮಾತೇ ಇಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಕೈ ಸುಡುತ್ತದೆ. ಗೋಡೆಯ ಗ್ಯಾಸ್ ಗೀಸರ್‌ಗೆ ತಿಂಗಳುಗಟ್ಟಲೆ ರಜೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಟಕಟಕ ಕಿಡಿ ಹಾರುತ್ತದೆ, ಉರಿಯೂ ಹೊತ್ತುತ್ತದೆ. ಆದರೆ ನೀಲಿ ಇರಬೇಕಾದ ಉರಿ ಹಳದಿಯಾಗಿರುತ್ತದೆ, ನೀರು ಉಗುರುಬೆಚ್ಚಗೆ ಬರುತ್ತದೆ. ಕೆಟ್ಟಿರುವುದು ಬಹುತೇಕ ಒಳಗಿನ ತಾಮ್ರದ ಭಾಗ ಅಥವಾ ಅದರ ಕೆಳಗಿನ ಬರ್ನರ್.

ಶಾಖ ಒಂದೆಡೆ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ನಮ್ಮಲ್ಲೇ ಇದೆ. ಇದೇ ಸೀಮೆಯ ಕುಡತಿನಿಯಲ್ಲಿ ನವಶಿಲಾಯುಗದಲ್ಲಿ ದನದ ಸಗಣಿ ಸುಟ್ಟು ಬೆಳೆದ ಬೂದಿದಿಬ್ಬವಿದೆ. ಅಂಥ ದಿಬ್ಬಗಳಲ್ಲಿ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾದ ಪದರಗಳು ಸಿಗುತ್ತವೆ. ಬೂದಿಯೂ ಕರಗುವಷ್ಟು ಶಾಖ ಅಲ್ಲಿ ಕೂಡಿತ್ತು. ಗೀಸರ್‌ನ ತಾಮ್ರ ಸುಟ್ಟುಹೋಗುವುದೂ ಶಾಖ ನೀರಿಗೆ ಇಳಿಯದೆ ಒಂದೆಡೆ ಕೂಡಿಕೊಂಡಾಗ.

ಪೆಟ್ಟಿಗೆಯೊಳಗೆ ಏನಿದೆ?

ತಗಡಿನ ಮುಚ್ಚಳ ಬಿಚ್ಚಿದರೆ ಕೆಳಗೆ ಬರ್ನರ್, ಮೇಲೆ ಒತ್ತೊತ್ತಾಗಿ ಜೋಡಿಸಿದ ತೆಳು ತಾಮ್ರದ ರೆಕ್ಕೆಗಳು, ಅವುಗಳ ನಡುವೆ ಹಾದುಹೋಗುವ ನೀರಿನ ಕೊಳವೆ. ಇದೇ ಹೀಟ್ ಎಕ್ಸ್‌ಚೇಂಜರ್. ಉರಿಯ ಶಾಖವನ್ನು ರೆಕ್ಕೆಗಳು ಹೀರಿ ಕೊಳವೆಗೆ ಕೊಡುತ್ತವೆ, ಕೊಳವೆ ನೀರಿಗೆ ಕೊಡುತ್ತದೆ. ಹಿಂದೆ ಬಚ್ಚಲ ಒಲೆಯ ಮೇಲೆ ಕೂತ ತಾಮ್ರದ ಹಂಡೆ ಮಾಡುತ್ತಿದ್ದುದೂ ಇದನ್ನೇ. ಹಂಡೆಗೆ ಒಳಗೆ ಸುಣ್ಣ ಕಟ್ಟುತ್ತಿತ್ತು, ಹೊರಗೆ ಮಸಿ ಹಿಡಿಯುತ್ತಿತ್ತು. ಎರಡೂ ಕಣ್ಣಿಗೆ ಬೀಳುತ್ತಿದ್ದರಿಂದ ಹುಣಸೆಹಣ್ಣು, ಬೂದಿ ಹಚ್ಚಿ ಉಜ್ಜುತ್ತಿದ್ದರು. ಗೀಸರ್‌ಗೂ ಅವೇ ಎರಡು ಕಾಯಿಲೆ. ಮುಚ್ಚಳದ ಹಿಂದೆ ಇರುವುದರಿಂದ ಕಾಣುವುದಿಲ್ಲ, ಅಷ್ಟೆ.

ಒಳಗಿನ ಸುಣ್ಣ

ಕಾಲುವೆ ನೀರು ಬಾರದ ಮನೆಗಳಲ್ಲಿ ಬೋರ್ ನೀರೇ ಗತಿ. ಬಂಡೆಯ ಬಿರುಕುಗಳಲ್ಲಿ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕಾಯಿಸಿದಾಗ ಬಿಳಿ ಪದರವಾಗಿ ಕೊಳವೆಗೆ ಅಂಟುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಅಡ್ಡಿಯಿಲ್ಲ. 600 ಇರುವ ನೀರು ದಿನಕ್ಕೆ 100 ಲೀಟರ್ ಹರಿದರೆ 60 ಗ್ರಾಂ ಲವಣ ಆ ಕೊಳವೆಯಲ್ಲಿ ಹಾದುಹೋದಂತಾಯಿತು. ಅದರಲ್ಲಿ ಚಿಟಿಕೆಯಷ್ಟು ಅಂಟಿದರೂ ಒಂದು ಚಳಿಗಾಲಕ್ಕೆ ಪದರ ಎದ್ದು ಕಾಣುತ್ತದೆ. ಸುಣ್ಣ ಶಾಖ ದಾಟಿಸುವುದು ತಾಮ್ರಕ್ಕಿಂತ ನೂರು ಪಟ್ಟಿಗೂ ಕಡಿಮೆ. ನೀರಿಗೆ ಇಳಿಯಲಾರದ ಶಾಖ ತಾಮ್ರವನ್ನೇ ಕಾಯಿಸುತ್ತದೆ, ಬೆಸುಗೆ ಬಿರಿಯುತ್ತದೆ.

ಇದಕ್ಕೆ ನಮ್ಮದೊಂದು ಅಭ್ಯಾಸ ಸೇರಿಕೊಳ್ಳುತ್ತದೆ. ನೀರು ಇನ್ನಷ್ಟು ಬಿಸಿ ಬರಲೆಂದು ಉರಿ ಪೂರ್ತಿ ಏರಿಸಿ, ನಲ್ಲಿಯನ್ನು ಸಣ್ಣಗೆ ಬಿಡುತ್ತೇವೆ. ಟ್ಯಾಂಕ್ ಹೆಚ್ಚು ಎತ್ತರದಲ್ಲಿ ಇಲ್ಲದಿದ್ದರೆ ಒತ್ತಡ ಮೊದಲೇ ಕಡಿಮೆ. ಆಗ ಕೊಳವೆಯೊಳಗೆ ನೀರು ಕೊತಕೊತ ಕುದಿಯುವ ಸದ್ದು ಕೇಳುತ್ತದೆ. ಕೂಡಲೇ ಉರಿ ತಗ್ಗಿಸಬೇಕು.

ಹೊರಗಿನ ಮಸಿ

ಗೀಸರ್ ಸುಮ್ಮನಿದ್ದ ತಿಂಗಳುಗಳಲ್ಲಿ ಬರ್ನರ್‌ನ ಗಾಳಿ ತೂತುಗಳಲ್ಲಿ ಜೇಡ ಬಲೆ ಕಟ್ಟುತ್ತದೆ, ಕುಂಬಾರ ಹುಳ ಮಣ್ಣು ಮೆತ್ತುತ್ತದೆ, ಕೆಂಪು ದೂಳು ಕೂರುತ್ತದೆ. ಒಂದು ಕಿಲೊ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಅದು ಸಿಗದಿದ್ದರೆ ಉರಿ ಹಳದಿಯಾಗಿ ಮಸಿ ಉಗುಳುತ್ತದೆ. ಮಸಿ ರೆಕ್ಕೆಗಳ ಸಂದು ಮುಚ್ಚಿದಷ್ಟೂ ಗಾಳಿಯಾಟ ಕುಂದಿ ಉರಿ ಮತ್ತಷ್ಟು ಹಳದಿಯಾಗುತ್ತದೆ.

ಇವೆರಡರ ಜೊತೆ ಮೂರನೆಯ ಕಾಯಿಲೆ ಕಿಲುಬು. ಒಂದು ಕಿಲೊ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೊಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ತಣ್ಣಗಿನ ತಾಮ್ರಕ್ಕೆ ತಾಗಿ ಅದು ಹನಿಗಟ್ಟಿ, ಹೊಗೆಯ ಆಮ್ಲಾಂಶವನ್ನೂ ಸೇರಿಸಿಕೊಂಡು ಲೋಹ ತಿನ್ನುತ್ತದೆ. ಬಚ್ಚಲಲ್ಲೇ ಇಟ್ಟ ಟಾಯ್ಲೆಟ್ ಆಸಿಡ್, ಬ್ಲೀಚಿಂಗ್ ಪೌಡರ್‌ಗಳ ಹಬೆ ಇದನ್ನು ಇನ್ನೂ ಚುರುಕಾಗಿಸುತ್ತದೆ. ಮುಚ್ಚಳದ ಕೆಳಗೆ ಹಸಿರು ಕಲೆ ಕಂಡರೆ ಕೊಳವೆ ತೂತಾಗುವ ದಿನ ದೂರವಿಲ್ಲ.

ಗೀಸರ್ ಹೋದರೆ ಹೊಸದು ತರಬಹುದು. ಭಯ ಇರುವುದು ಹಳದಿ ಉರಿಯಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ನದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಒಲೆಯ ಹೊಗೆಯಾದರೆ ಕಣ್ಣುರಿಸಿ ಎಬ್ಬಿಸಿ ಕಳುಹಿಸುತ್ತಿತ್ತು. ಇದು ತಲೆ ಸುತ್ತಿಸಿ ಬೀಳಿಸುತ್ತದೆ. ಬಾಗಿಲು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ ಜೀವ ಕಳೆದುಕೊಂಡ ಸುದ್ದಿ ನಮ್ಮ ರಾಜ್ಯದಲ್ಲಿ ಚಳಿಗಾಲಕ್ಕೊಮ್ಮೆಯಾದರೂ ಬರುತ್ತದೆ.

ಹಾಗಾಗಿ ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಚಳಿ ಶುರುವಾಗುವ ಮೊದಲೇ ಮೆಕ್ಯಾನಿಕ್ ಕರೆಸಿ ಬರ್ನರ್ ಬ್ರಷ್ ಮಾಡಿಸಿ, ಕೊಳವೆಗೆ ನಿಂಬೆಉಪ್ಪಿನ ನೀರು ಹಾಯಿಸಿ ಸುಣ್ಣ ತೆಗೆಸಿ. ಕಡು ಆಸಿಡ್ ಬೇಡ, ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಕೊಳವೆ ಸೋರತೊಡಗಿದ್ದರೆ ಮೇಲೊಂದು ಬೆಸುಗೆ ಹಾಕಿಸಿ ದಿನ ದೂಡಬೇಡಿ, ಆ ಭಾಗವನ್ನೇ ಬದಲಿಸಿ. ಹಂಡೆ ಬೆಳಗಲು ಹಬ್ಬಕ್ಕೊಂದು ದಿನ ಮೀಸಲಿಡುತ್ತಿದ್ದ ಮನೆಗಳಿಗೆ ವರ್ಷಕ್ಕೊಮ್ಮೆ ಈ ಕೆಲಸ ಭಾರವೇನಲ್ಲ.