ಫೋನಿನ ಪರದೆಯೂ ಅಡಿಕೆಯ ಬಣ್ಣವೂ

ನಮ್ಮ ವ್ಯವಹಾರದಲ್ಲಿ ಬಣ್ಣಕ್ಕೆ ಬೆಲೆಯಿದೆ. ಬೇಯಿಸಿ ಒಣಗಿಸಿದ ರಾಶಿ ಅಡಿಕೆಯ ಕೆಂಪು, ಚಾಲಿಯ ಬಿಳುಪು, ಪಲ್ಪ್ ಮಾಡಿ ತೊಳೆದು ಒಣಗಿಸಿದ ಅರೇಬಿಕಾ ಬೀಜದ ನೀಲಿ ಬೆರೆತ ಬೂದು, ಇವನ್ನು ನೋಡಿಯೇ ಕೊಳ್ಳುವವನು ಮೊದಲ ಮಾತು ಆಡುತ್ತಾನೆ. ಹಿಂದೆ ಈ ಮಾತು ಹುಟ್ಟುತ್ತಿದ್ದುದು ಮಂಡಿಯಲ್ಲಿ ಚೀಲದ ಬಾಯಿ ಬಿಚ್ಚಿದ ಮೇಲೆ. ಈಗ ಚೀಲ ಮನೆಯ ಅಟ್ಟದಲ್ಲಿರುವಾಗಲೇ ಅದರ ಚಿತ್ರ ಫೋನಿನ ಮೂಲಕ ಪೇಟೆ ಸೇರುತ್ತದೆ. "ಮಾಲು ಕಪ್ಪಾಗಿದೆಯಲ್ಲ" ಎಂದು ಆಚೆಯವರು ಹೇಳಿದರೆ, "ನನ್ನ ಫೋನಿನಲ್ಲಿ ಚೆನ್ನಾಗಿ ಕೆಂಪಗೇ ಇದೆ" ಎಂದು ಈಚೆಯವರು ವಾದಿಸುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿರಬಹುದು. ಒಂದೇ ಚಿತ್ರ ಎರಡು ಫೋನಿನಲ್ಲಿ ಎರಡು ಬಣ್ಣವಾಗಿ ಕಾಣುವುದು ಏಕೆ, ಅದರಿಂದ ಬೆಳೆಗಾರನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪರದೆಯಲ್ಲಿ ಬಿಳಿ ಬಣ್ಣ ಹುಟ್ಟುವ ಬಗೆ

ಫೋನಿನ ಪರದೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರಲ್ಲಿ ಲಕ್ಷಾಂತರ ಬಿಂದುಗಳು ಕಾಣುತ್ತವೆ. ಕೆಂಪು, ಹಸಿರು, ನೀಲಿ ಈ ಮೂರು ಬಣ್ಣಗಳ ಬೆಳಕಿನಿಂದಲೇ ಉಳಿದೆಲ್ಲ ಬಣ್ಣಗಳೂ ಆಗುತ್ತವೆ. ಮೂರೂ ತಕ್ಕ ಪ್ರಮಾಣದಲ್ಲಿ ಬೆರೆತರೆ ಬಿಳಿ. ನೀಲಿ ತುಸು ಹೆಚ್ಚಾದರೆ ಬಿಳಿ ತಣ್ಣಗೆ ನೀಲಿಯತ್ತ ವಾಲುತ್ತದೆ, ನೀಲಿ ಕಡಿಮೆಯಾದರೆ ಹಳದಿಯತ್ತ ವಾಲುತ್ತದೆ. ಅಂದರೆ ಪರದೆಯ ಬಿಳಿ ಎನ್ನುವುದು ಮಜ್ಜಿಗೆಗೆ ಉಪ್ಪು ಹಾಕಿದಂತೆ, ಹಾಕುವವರ ಕೈಯಳತೆಗೆ ಸೇರಿದ್ದು.

ಈ ಅಳತೆಗೆ ತಜ್ಞರು ಒಂದು ಲೆಕ್ಕ ಇಟ್ಟಿದ್ದಾರೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಕಾವೇರಿದಂತೆ ಹಳದಿಯಾಗಿ, ಆಮೇಲೆ ಬೆಳ್ಳಗೆ ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ರೀತಿ ಬೆಳಕಿನ ಛಾಯೆಯನ್ನೂ ಕೆಲ್ವಿನ್ ಎಂಬ ಉಷ್ಣತೆಯ ಮಾನದಲ್ಲಿ ಹೇಳುತ್ತಾರೆ. ಹಳೆಯ ತಂತಿ ಬಲ್ಬಿನ ಹಳದಿ ಬೆಳಕು ಸುಮಾರು 2700 ಕೆಲ್ವಿನ್. ಪರದೆಗಳಿಗೆ ಮಾದರಿಯಾಗಿ ಒಪ್ಪಿಕೊಂಡಿರುವ ಹಗಲಿನ ಬಿಳಿ ಸುಮಾರು 6500. ಕಂಪ್ಯೂಟರ್ ಪರದೆಗಳಿಗಾಗಿ 1996ರಲ್ಲಿ ರೂಪಿಸಿದ ಬಣ್ಣದ ಮಾನದಂಡವೂ ಇದನ್ನೇ ಹಿಡಿದಿದೆ. ಆದರೆ ಅಂಗಡಿಯ ಗಾಜಿನ ಕಪಾಟಿನಲ್ಲಿ ನೀಲಿಯತ್ತ ವಾಲಿದ ಪರದೆ ಹೆಚ್ಚು ಹೊಳಪಾಗಿ ಕಾಣುತ್ತದೆ. ಆದ್ದರಿಂದ ಎಷ್ಟೋ ಫೋನುಗಳು 7000ಕ್ಕೂ ಮೇಲಿನ ಛಾಯೆಗೆ ಹೊಂದಿಸಿಯೇ ಕೈಗೆ ಬರುತ್ತವೆ.

ಒಂದೇ ಮಾದರಿಯ ಫೋನಿನಲ್ಲೂ ವ್ಯತ್ಯಾಸ

ಅಣ್ಣ ತಮ್ಮಂದಿರು ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೇ ಮಾದರಿಯ ಫೋನು ಕೊಂಡರೂ ಪರದೆಗಳ ಛಾಯೆ ಬೇರೆಯಾಗಿರಬಹುದು. ಇದಕ್ಕೆ ಕಾರಣಗಳು ಹಲವು.

ಮೊದಲನೆಯದು ಹಿಂಬೆಳಕು. ಎಲ್‌ಸಿಡಿ ಪರದೆಯ ಬಿಂದುಗಳಿಗೆ ಸ್ವಂತ ಬೆಳಕಿಲ್ಲ, ಅವುಗಳ ಹಿಂದೆ ಸಣ್ಣ ಎಲ್‌ಇಡಿ ದೀಪಗಳಿರುತ್ತವೆ. ಈ ಬಿಳಿ ಎಲ್‌ಇಡಿ ಮೂಲದಲ್ಲಿ ನೀಲಿ ದೀಪವೇ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆ ನೀಲಿ ದೀಪದ ಮೇಲೆ ಹಳದಿ ಹೊಳಪು ಕೊಡುವ ಒಂದು ಪುಡಿಯ ಲೇಪ ಹಚ್ಚಿದಾಗ ಬಿಳಿ ಬೆಳಕು ಬರುತ್ತದೆ. ಲೇಪ ಕೂದಲೆಳೆಯಷ್ಟು ದಪ್ಪವಾದರೆ ಹಳದಿ, ತೆಳುವಾದರೆ ನೀಲಿ. ಆದ್ದರಿಂದ ತಯಾರಕರು ದೀಪಗಳನ್ನು ಛಾಯೆಗೆ ತಕ್ಕಂತೆ ಆರಿಸಿ ಬೇರೆ ಬೇರೆ ರಾಶಿ ಮಾಡುತ್ತಾರೆ, ನಾವು ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸುವ ಹಾಗೆಯೇ. ಒಂದೇ ರಾಶಿಯೊಳಗೂ ಸಣ್ಣ ವ್ಯತ್ಯಾಸ ಉಳಿದೇ ಉಳಿಯುತ್ತದೆ.

ಎರಡನೆಯದಾಗಿ, ದೊಡ್ಡ ಕಂಪನಿಗಳು ಪರದೆಗಳನ್ನು ಒಂದೇ ಕಾರ್ಖಾನೆಯಿಂದ ಕೊಳ್ಳುವುದಿಲ್ಲ. ಆಪಲ್ ಕಂಪನಿ ಸ್ಯಾಮ್‌ಸಂಗ್, ಎಲ್‌ಜಿ ಮೊದಲಾದ ಬೇರೆ ಬೇರೆ ತಯಾರಕರಿಂದ ಪರದೆ ಪಡೆದಿದೆ. ಹೊರಗಿನ ಹೆಸರು ಒಂದೇ ಆದರೂ ಒಳಗಿನ ಪರದೆ ಬೇರೆ.

ಮೂರನೆಯದು ವಯಸ್ಸು. ಓಎಲ್‌ಇಡಿ ಪರದೆಯಲ್ಲಿ ಪ್ರತಿ ಬಿಂದುವೂ ತಾನೇ ಉರಿಯುತ್ತದೆ. ಮೂರು ಬಣ್ಣಗಳಲ್ಲಿ ನೀಲಿಯ ವಸ್ತು ಬೇಗ ಸವೆಯುತ್ತದೆ, ಹೀಗಾಗಿ ಹಳೆಯ ಪರದೆ ಮೆಲ್ಲಗೆ ಹಳದಿಗೆ ತಿರುಗಬಹುದು. ಇಂಥ ಪರದೆಯನ್ನು ಓರೆಯಾಗಿ ಹಿಡಿದು ನೋಡಿದರೂ ಬಣ್ಣ ಬದಲಾಗುತ್ತದೆ. ಪರದೆ ಒಡೆದು ಬೇರೆ ಹಾಕಿಸಿದ್ದರಂತೂ ಮೊದಲಿನ ಛಾಯೆಯೇ ಬರುವುದೆಂದು ನಂಬುವಂತಿಲ್ಲ.

ನಾಲ್ಕನೆಯದು ಫೋನಿನೊಳಗಿನ ಏರ್ಪಾಡು. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡುವ ಸೌಲಭ್ಯ ಹೆಚ್ಚಿನ ಫೋನುಗಳಲ್ಲಿದೆ. ಸುತ್ತಲಿನ ಬೆಳಕಿಗೆ ತಕ್ಕಂತೆ ತಾನೇ ಛಾಯೆ ಬದಲಿಸುವ ಫೋನುಗಳೂ ಇವೆ. ಸಂಜೆ ಬಂದ ಚಿತ್ರವನ್ನು ಇಂಥ ಪರದೆಯಲ್ಲಿ ನೋಡಿದರೆ ಬಿಳಿ ಚಾಲಿಯೂ ಹಳೆ ಚಾಲಿಯಂತೆ ಕಂಡೀತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಫೋನಿನ ಕಾಮಾಲೆ ನಮಗೆ ತಿಳಿಯುವುದೇ ಇಲ್ಲ. ನಮ್ಮ ಕಣ್ಣು ಯಾವ ಬಿಳಿಯನ್ನು ದಿನವೂ ನೋಡುತ್ತದೋ ಅದಕ್ಕೇ ಒಗ್ಗಿಕೊಂಡು ಅದನ್ನೇ ನಿಜವಾದ ಬಿಳಿ ಎಂದುಕೊಳ್ಳುತ್ತದೆ. ಎರಡು ಫೋನನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಬೂದು ಕಲ್ಲಿನ ಪರೀಕ್ಷೆ

ಕಡುಕೆಂಪು, ಕಡುಹಸಿರಿನಲ್ಲಿ ಛಾಯೆಯ ದೋಷ ಮುಚ್ಚಿಹೋಗುತ್ತದೆ. ಬಿಳಿ ಮತ್ತು ಬೂದಿನಲ್ಲಿ ಅದು ಎದ್ದು ಕಾಣುತ್ತದೆ. ಇದಕ್ಕೆ ಒಳ್ಳೆಯ ನಿದರ್ಶನ ಕಲಬುರಗಿ ಸೀಮೆಯದು. ಸೇಡಂ ತಾಲ್ಲೂಕಿನಲ್ಲಿ ಆಡಕಿ ಎಂಬ ಊರಿದೆ. ಹೆಸರು ಕೇಳಿ ಅಡಿಕೆಯ ಊರೆಂದುಕೊಂಡೀರಿ, ಆ ಸೀಮೆಯ ಬೆಳೆ ತೊಗರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನ ನೆಲದಡಿ ಪದರ ಪದರವಾಗಿ ಸಿಗುವ ಸುಣ್ಣಗಲ್ಲೇ ನಾಡಿನ ಮನೆ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು. ಕಣಕ್ಕೋ ಜಗಲಿಗೋ ಹಾಸಲು ಈ ಕಲ್ಲನ್ನು ಫೋನಿನ ಚಿತ್ರ ನೋಡಿ ಆರಿಸಿದರೆ, ಒಂದೇ ಬೂದು ಚಪ್ಪಡಿ ಒಂದು ಪರದೆಯಲ್ಲಿ ನೀಲಿಗಲ್ಲಿನಂತೆ, ಇನ್ನೊಂದರಲ್ಲಿ ಮಣ್ಣು ಬಣ್ಣದಂತೆ ಕಾಣಬಹುದು. ತೊಗರಿಬೇಳೆಯ ಮಾತೂ ಹಾಗೆಯೇ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆಯ ಹಳದಿ ನೀಲಿ ಛಾಯೆಯ ಪರದೆಯಲ್ಲಿ ಪೇಲವವಾಗಿ ಕಂಡರೆ ಅದು ಬೇಳೆಯ ದೋಷವಲ್ಲ. ಬಯಲಿನ ತೊಗರಿಗೆ ಇರುವ ಈ ತೊಂದರೆಯೇ ಮಲೆನಾಡಿನ ಅಡಿಕೆಗೂ ಇದೆ.

ಕ್ಯಾಮರಾದ ಪಾಲು

ತಪ್ಪೆಲ್ಲ ಪರದೆಯದೇ ಅಲ್ಲ. ಕ್ಯಾಮರಾ ಚಿತ್ರ ತೆಗೆಯುವಾಗ ಸುತ್ತಲಿನ ಬೆಳಕು ಯಾವುದೆಂದು ಊಹಿಸಿ ಬಣ್ಣ ತಿದ್ದುತ್ತದೆ. ನೀಲಿ ಟಾರ್ಪಾಲಿನ ಮೇಲೆ ಹರಡಿದ ಅಡಿಕೆಯನ್ನು ತೆಗೆದರೆ ಈ ಊಹೆ ತಪ್ಪುವುದು ಹೆಚ್ಚು. ತೋಟದ ನೆರಳಿನ ಹಸಿರು, ಅಟ್ಟದ ಹಳದಿ ದೀಪ, ಬಣ್ಣದ ಪ್ಲಾಸ್ಟಿಕ್ ಸೂರಿನ ಬೆಳಕು ಎಲ್ಲವೂ ಮಾಲಿಗೆ ತಮ್ಮ ಬಣ್ಣ ಬಳಿಯುತ್ತವೆ. ಹೀಗೆ ಕಳುಹಿಸುವವರ ಕ್ಯಾಮರಾದಲ್ಲಿ ಒಮ್ಮೆ, ನೋಡುವವರ ಪರದೆಯಲ್ಲಿ ಇನ್ನೊಮ್ಮೆ ಬಣ್ಣ ಬದಲಾಗುತ್ತದೆ.

ರೋಗ ಗುರುತಿಸುವಾಗ

ಬೆಲೆಗಿಂತಲೂ ಹೆಚ್ಚು ಎಚ್ಚರ ಬೇಕಾದದ್ದು ರೋಗದ ವಿಷಯದಲ್ಲಿ. ಎಲೆಯ ಚಿತ್ರ ಕಳುಹಿಸಿ ಔಷಧಿ ಕೇಳುವ ರೂಢಿ ಬೆಳೆದಿದೆ. ಇಲ್ಲಿ ನೆನಪಿಡಬೇಕಾದ ಮಾತೆಂದರೆ, ಯಾವ ಪರದೆಯಲ್ಲಾದರೂ ಆಕಾರ ಮತ್ತು ವಿನ್ಯಾಸ ಉಳಿಯುತ್ತದೆ, ಬಣ್ಣದ ಛಾಯೆ ಉಳಿಯುವುದಿಲ್ಲ. ಅಡಿಕೆಯ ಹಳದಿ ಎಲೆ ರೋಗದಲ್ಲಿ ಹೊರಸುತ್ತಿನ ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ, ಹಳದಿಗೂ ಹಸಿರಿಗೂ ನಡುವೆ ಗೆರೆ ಎಳೆದಂಥ ಭೇದ ಕಾಣುತ್ತದೆ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆ ಇಡಿಯಾಗಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದ "ಎಷ್ಟು ಹಳದಿ" ಎಂದು ಕೇಳುವ ಬದಲು "ಎಲ್ಲಿಂದ ಹಳದಿ, ಹೇಗೆ ಹಬ್ಬಿದೆ" ಎಂದು ಕೇಳಬೇಕು. ಕಾಫಿಯ ತುಕ್ಕು ರೋಗವಾದರೆ ಎಲೆಯ ಅಡಿಯಲ್ಲಿ ಕಿತ್ತಳೆ ಹಳದಿ ಪುಡಿ ಇರುತ್ತದೆ, ಬೆರಳಿಂದ ಒರೆಸಿ ನೋಡಬಹುದು. ಅನುಮಾನ ಉಳಿದರೆ ಎಲೆಯನ್ನೇ ಒಯ್ದು ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಲ್ಲಿ ಅಥವಾ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತೋರಿಸುವುದು ಲೇಸು.

ಬೋರ್ಡೋ ದ್ರಾವಣಕ್ಕೂ ಇದೇ ನಿಯಮ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಶೇಕಡಾ 1ರ ದ್ರಾವಣ ಸರಿಯಾಗಿದ್ದರೆ ಆಕಾಶದ ನೀಲಿ ಬಣ್ಣಕ್ಕಿರುತ್ತದೆ. ಆದರೆ ಆ ನೀಲಿಯನ್ನು ಫೋನಿನಲ್ಲಿ ನೋಡಿ ಸರಿ ತಪ್ಪು ಹೇಳಲಾಗದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಅದರ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬುದು ಹಳೆಯ, ಇಂದಿಗೂ ನಂಬಬಹುದಾದ ಪರೀಕ್ಷೆ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

1. ಮಾಲಿನ ಚಿತ್ರವನ್ನು ಹಗಲಿನಲ್ಲಿ, ನೇರ ಬಿಸಿಲು ಬೀಳದ ಬಯಲಿನಲ್ಲಿ ತೆಗೆಯಿರಿ. ಟಾರ್ಪಾಲಿನ ಬದಲು ಗೋಣಿ ಅಥವಾ ಬಿಳಿ ಬಟ್ಟೆ ಹಾಸಿರಿ.

2. ಅಡಿಕೆಯ ಪಕ್ಕದಲ್ಲಿ ಬಿಳಿ ಹಾಳೆಯ ಚೂರೊಂದನ್ನು ಇಡಿ. ಆಚೆಯ ಪರದೆಯಲ್ಲಿ ಹಾಳೆ ಹಳದಿಯಾಗಿ ಕಂಡರೆ ಅಡಿಕೆಗೂ ಅಷ್ಟೇ ಹಳದಿ ಹತ್ತಿದೆ ಎಂದು ನೋಡುವವರಿಗೆ ತಿಳಿಯುತ್ತದೆ.

3. ಇಡೀ ಅಡಿಕೆಯ ಜೊತೆಗೆ ಹೋಳು ಮಾಡಿದ ಕೆಲವನ್ನೂ ತೋರಿಸಿ. ಒಳಗಿನ ಗೆರೆ, ಟೊಳ್ಳು, ಹುಳುಕು ಯಾವ ಪರದೆಯಲ್ಲೂ ಕಾಣುತ್ತವೆ.

4. ಚಿತ್ರ ನೋಡುವ ಮೊದಲು ರಾತ್ರಿ ಬೆಳಕಿನ ಏರ್ಪಾಡನ್ನು ತೆಗೆದುಹಾಕಿ, ಹೊಳಪನ್ನು ಮಧ್ಯಮಕ್ಕಿಂತ ಮೇಲಿಟ್ಟು, ಫೋನನ್ನು ನೇರವಾಗಿ ಹಿಡಿಯಿರಿ.

5. ಹೊಸ ಫೋನು ಕೊಳ್ಳುವಾಗ ಬಿಳಿ ಚಿತ್ರವೊಂದನ್ನು ಎರಡು ಫೋನಿನಲ್ಲಿ ಪಕ್ಕಪಕ್ಕದಲ್ಲಿ ನೋಡಿ. ಇಡೀ ಪರದೆಗೆ ತುಸು ಹಳದಿ ಅಥವಾ ನೀಲಿ ಛಾಯೆಯಿದ್ದರೆ ಅದು ಕೆಟ್ಟ ಫೋನಲ್ಲ, ಎಷ್ಟೋ ಫೋನುಗಳಲ್ಲಿ ಅದನ್ನು ತಿದ್ದಿಕೊಳ್ಳುವ ಸೌಲಭ್ಯವಿದೆ. ಒಂದು ಮೂಲೆ ಮಾತ್ರ ಬೇರೆ ಬಣ್ಣಕ್ಕಿದ್ದರೆ, ಗೆರೆ ಅಥವಾ ಕಲೆ ಇದ್ದರೆ ಅಲ್ಲೇ ಬದಲಿ ಕೇಳಬೇಕು.

6. ಚಿತ್ರವನ್ನು ನೋಡಿ ಹೇಳಿದ ಧಾರಣೆಯನ್ನು ಕೊನೆಯ ಮಾತೆಂದು ಒಪ್ಪಬೇಡಿ. ಮಾದರಿಯನ್ನು ಚೀಲದಲ್ಲಿ ಕೊಟ್ಟು, ಕೈಯಲ್ಲಿ ಹಿಡಿದು ನೋಡಿದ ಮೇಲೆ ಧಾರಣೆ ನಿಲ್ಲಲಿ.

ಫೋನಿನಿಂದ ಪೇಟೆಯ ಸುದ್ದಿ ಮನೆಗೆ ಬಂದಿದೆ, ತಜ್ಞರ ಸಲಹೆ ತೋಟಕ್ಕೆ ಬಂದಿದೆ. ಆ ಉಪಕಾರವನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ವರ್ಷದ ದುಡಿಮೆಯ ಬೆಲೆಯನ್ನು ಪರದೆಯ ಛಾಯೆಗೆ ಒಪ್ಪಿಸಬಾರದು. ಮುಂದಿನ ಕೊಯ್ಲಿನ ಮಾಲನ್ನು ಚಿತ್ರ ತೆಗೆಯುವಾಗ ಸದಸ್ಯರು ಆ ಬಿಳಿ ಹಾಳೆಯ ಚೂರನ್ನು ಮರೆಯದೆ ಇಡಬೇಕೆಂದು ಕೋರುತ್ತೇವೆ.