ಬಾಯಾರುವ ಮೊದಲೇ ನೀರು

ಪಾಸ್ಖ ಹಬ್ಬ ಸಮೀಪಿಸಿತೆಂದರೆ ಹುಬ್ಬಳ್ಳಿಯ ನಾವು ಹೊಸ ಬಟ್ಟೆಗೆಂದು ದುರ್ಗದಬೈಲಿಗೆ ಹೋಗುತ್ತೇವೆ. ಬೇಸಿಗೆಯ ಬಿಸಿಲು, ಜನಜಂಗುಳಿ, ಅಂಗಡಿಯಿಂದ ಅಂಗಡಿಗೆ ಅಲೆದಾಟ. ಶೌಚಾಲಯ ಎಲ್ಲಿ ಹುಡುಕುವುದೆಂದು ನಮ್ಮ ಹೆಣ್ಣುಮಕ್ಕಳು ನೀರೇ ಕುಡಿಯದೆ ಹೊರಡುತ್ತಾರೆ. ಮನೆಗೆ ಬಂದ ಮೇಲೆ ತಲೆನೋವು, ತಲೆಸುತ್ತು. ‘ಬಿಸಿಲು ಬಡಿಯಿತು’ ಎನ್ನುತ್ತೇವೆ. ಬಹಳ ಸಲ ಅದು ದೇಹದಲ್ಲಿ ನೀರು ಕಡಿಮೆಯಾದ ಲಕ್ಷಣ.

ಬಾಯಾರಿಕೆಯನ್ನೇ ನಂಬಿ ಕೂರಬಾರದು. ವಯಸ್ಸಾದಂತೆ ಅದು ಮಂದವಾಗುತ್ತದೆ. ಅಜ್ಜಿ ‘ಒಲ್ಲೆ’ ಎಂದರೂ ಲೋಟ ಕೈಗೆ ಕೊಡೋಣ. ಮೂತ್ರ ತಿಳಿಹಳದಿ ಇದ್ದರೆ ಸರಿ. ಬಣ್ಣ ಗಾಢವಾಗಿ, ಪ್ರಮಾಣವೂ ಕಡಿಮೆಯಾದರೆ ನೀರು ಸಾಲದೆಂದು ತಿಳಿಯಬೇಕು. ಕೂಸು ಅತ್ತರೂ ಕಣ್ಣೀರು ಬಾರದಿದ್ದರೆ, ನೆತ್ತಿ ಕುಗ್ಗಿದ್ದರೆ, ತಾಸುಗಟ್ಟಲೆ ಉಚ್ಚೆ ಹೊಯ್ಯದಿದ್ದರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು. ದೊಡ್ಡವರಿಗೆ ಮಂಪರು ಹತ್ತಿ ಮಾತು ತಡವರಿಸಿದರೂ ಅಷ್ಟೇ.

ನಮ್ಮ ಹಿರಿಯರಲ್ಲಿ ಕೆಲವರು ಪರಮಪ್ರಸಾದ ಸ್ವೀಕರಿಸುವ ಮುನ್ನ ನೀರನ್ನೂ ಮುಟ್ಟುವುದಿಲ್ಲ. ಆ ಹಳೆಯ ನಿಯಮವನ್ನು 1953ರಲ್ಲಿಯೇ ಜಗದ್ಗುರು ಹನ್ನೆರಡನೇ ಪಯಸ್ ಸಡಿಲಿಸಿದರು. ಈಗ ಒಂದು ಗಂಟೆಯ ಉಪವಾಸ ಸಾಕು. ನೀರು, ಔಷಧಿ ಅದನ್ನು ಮುರಿಯುವುದಿಲ್ಲ. ಶಿಲುಬೆಹಾದಿಗೂ ನೀರು ಕುಡಿದೇ ಹೊರಡಬಹುದು.

ಭೇದಿಯಾದಾಗ ಬರಿ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪನ್ನು ಸಮತಟ್ಟಾಗಿ ಅಳೆದು ಹಾಕಿ, ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾದರೆ ಅಪಾಯ. ಹೃದಯ, ಮೂತ್ರಪಿಂಡದ ಕಾಯಿಲೆಯಿದ್ದವರು ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನೇ ಕೇಳಬೇಕು. ಉಳಿದವರು ಪೇಟೆಗೆ ಹೊರಡುವ ಮುನ್ನ ಒಂದು ಲೋಟ ಮಜ್ಜಿಗೆ ಕುಡಿದು, ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡರಾಯಿತು.